ಜಯಮ್ಮನ ಹಿತ್ತಲಿನ ಒಂದೆಲಗ

ಹಾಸನದಲ್ಲಿ ಅರಕಲಗೂಡಿನ ಬಸ್ಸು ಹತ್ತಿದಾಗ ಬೆಳಿಗ್ಗೆ ಏಳೂವರೆ. ಮಡಿಲಲ್ಲಿದ್ದ ಊಟದ ಡಬ್ಬಿಯಲ್ಲಿ ಎರಡು ಗಾಜಿನ ಕೊಳವೆಗಳು, ಒಂದೊಂದರಲ್ಲೂ ಇಪ್ಪತ್ತು ಆರೋಗ್ಯವಂತ ಹಣ್ಣುನೊಣಗಳು. ಉಚಿತ ಟಿಕೆಟ್ಟಿಗೆ ಆಧಾರ್ ತೋರಿಸುವಾಗ ಕಂಡಕ್ಟರ್ ಇಣುಕಿ, "ಇವಕ್ಕೂ ಆಧಾರ್ ಐತಾ ಮೇಡಂ?" ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ವಯಸ್ಸಾದವರಿಗೆ ಬರುವ ನಡುಕದ ರೋಗಕ್ಕೆ ಸೊಪ್ಪಿನ ರಸ ಆದೀತೇ ಎಂದು ಹಾಸನದ ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ನೊಣಗಳಲ್ಲಿ ನೋಡುತ್ತೇವೆ. ಕೊಳವೆಯನ್ನು ಕುಟ್ಟಿದರೆ ನೊಣಗಳು ತಳಕ್ಕೆ ಬೀಳುತ್ತವೆ. ಗಟ್ಟಿಯಿರುವವು ತಕ್ಷಣ ಗೋಡೆ ಹತ್ತುತ್ತವೆ, ರೋಗದವು ತಡವರಿಸುತ್ತವೆ. ಒಂದೆಲಗದ ರಸ ಉಂಡ ರೋಗದ ನೊಣಗಳು ಎರಡು ವರ್ಷದಿಂದ ತಕ್ಕಮಟ್ಟಿಗೆ ಹತ್ತುತ್ತಿದ್ದವು. ಹೋದ ವಾರ ಹೊಸದಾಗಿ ಬಂದ ಒಂದೆಲಗದ ರಸ ಕೊಟ್ಟೆ, ಎಲ್ಲವೂ ಸತ್ತವು. ರಜೆಯ ಮೇಲೆ ಚನ್ನರಾಯಪಟ್ಟಣದ ಮನೆಯಲ್ಲಿದ್ದ ನಮ್ಮ ಮೇಷ್ಟ್ರು ಹಿಂದಿನ ರಾತ್ರಿ ಫೋನಿನಲ್ಲಿ, "ಸೊಪ್ಪೇ ವಿಷ ಅಂತ ಬರೆದು ಕೆಲಸ ನಿಲ್ಲಿಸೋಣ. ನಾಳೆ ಸಂಜೆ ಐದಕ್ಕೆ ವರದಿ ಕಳಿಸ್ತೀನಿ" ಎಂದಿದ್ದರು. ಅಷ್ಟರೊಳಗೆ ಕಾರಣ ಸಿಗದಿದ್ದರೆ ನನ್ನ ಎರಡು ವರ್ಷ ಮಣ್ಣುಪಾಲು.

ಅರಕಲಗೂಡಿನಿಂದ ಆಟೋದಲ್ಲಿ ನಾಲ್ಕು ಕಿಲೋಮೀಟರ್. ನಮಗೆ ಸೊಪ್ಪು ಬೆಳೆದುಕೊಡುವ ಜಯಮ್ಮ ಆಲೂಗಡ್ಡೆ ಹೊಲದಲ್ಲಿದ್ದರು; ನಮ್ಮ ಒಂದೆಲಗ ಅದರ ಬದುವಿನಲ್ಲೇ. ಸೊಪ್ಪಿಗೆ ಏನಾದರೂ ಹಾಕಿದಿರಾ ಎಂದು ಕೇಳಿದೆ.

"ಊಂ ಕಣವ್ವ, ಆಲೂಗಡ್ಡೆಗೆ ಒಡ್ಯೋ ಔಸ್ದೀನೇ ಒಸಿ ಒಡ್ದೆ. ಓದ್ಸಲ ತೂತು ಬಿದ್ದಿರೋ ಎಲೆ ಬ್ಯಾಡ ಅಂದಿದ್ದಲ್ಲ?"

ಅಂದಿದ್ದೆ. ಕಾಲೇಜಿನವಳೆಂಬ ಜಂಬದಲ್ಲಿ ಎಲೆಯನ್ನು ಬೆಳಕಿಗೆ ಹಿಡಿದು ತೋರಿಸಿಯೇ ಅಂದಿದ್ದೆ. ಔಷಧಿ ತಗಲದ ಸೊಪ್ಪು ಎಲ್ಲಾದರೂ ಇದೆಯೇ ಎಂದೆ.

"ಇತ್ಲಲ್ಲಿ ಐತೆ ಬಾ. ಅದೂ ಇದೇ ಬಳ್ಳೀನೇ, ಚಟ್ನಿಗೆ ಮಡಿಕ್ಕೊಂಡಿವ್ನಿ. ನಾವು ತಿನ್ನೋದ್ಕೆ ಯಾರಾರ ಔಸ್ದಿ ಒಡ್ದಾರಾ?"

ಹಿತ್ತಲಿನ ಎಲೆಗಳ ತುಂಬ ತೂತು. ಎರಡೂ ಸೊಪ್ಪನ್ನು ಬೇರೆಬೇರೆಯಾಗಿ ಜಜ್ಜಿ, ರಸಕ್ಕೆ ಬೆಲ್ಲದ ನೀರು ಬೆರೆಸಿ, ಹತ್ತಿಯಲ್ಲಿ ಅದ್ದಿ, ಹೊಲದ್ದನ್ನು ಒಂದು ಕೊಳವೆಗೂ ಹಿತ್ತಲಿನದನ್ನು ಇನ್ನೊಂದಕ್ಕೂ ಹಾಕಿದೆ. ಜಯಮ್ಮ ರಾಗಿರೊಟ್ಟಿಗೆ ಅದೇ ಸೊಪ್ಪಿನ ಚಟ್ನಿ ಹಾಕಿಕೊಟ್ಟರು. ಏನು ತಿಂದೆನೋ, ಕಣ್ಣೆಲ್ಲ ಕೊಳವೆಗಳ ಮೇಲಿತ್ತು.

ಮೇಷ್ಟ್ರಿಗೇ ತೋರಿಸೋಣವೆಂದು ಹೊರಟು, ಬಸ್ಸು ಬದಲಿಸಲು ಹೊಳೆನರಸೀಪುರದಲ್ಲಿ ಇಳಿದಾಗ ಮಧ್ಯಾಹ್ನದ ಸುಡುಬಿಸಿಲು. ಹೊಲದ ಕೊಳವೆಯಲ್ಲಿ ಆರು ನೊಣಗಳು ಅಂಗಾತ ಬಿದ್ದಿದ್ದವು. ಹಿತ್ತಲಿನದರಲ್ಲೂ ಎರಡು ಅಲುಗಾಡುತ್ತಿರಲಿಲ್ಲ. ಬಿಸಿಲಿಗೋ, ಸೊಪ್ಪಿಗೋ? ಕರವಸ್ತ್ರ ಒದ್ದೆಮಾಡಿ ಡಬ್ಬಿಗೆ ಸುತ್ತಿ, ಚನ್ನರಾಯಪಟ್ಟಣದ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ.

ಆ ದಾರಿಯಲ್ಲಿ ಬಸ್ಸೇ ನನ್ನ ಪರೀಕ್ಷೆ ನಡೆಸಿತು. ರಸ್ತೆಯುಬ್ಬು ಬಂದಾಗಲೆಲ್ಲ ನೊಣಗಳು ತಳಕ್ಕೆ ಬೀಳುತ್ತಿದ್ದವು. ಊರು ಹತ್ತಿರವಾದಾಗ ಬಸ್ಸು ಇನ್ನೊಂದು ಉಬ್ಬು ಹಾರಿತು, ಹೊಲದ ಕೊಳವೆಯಲ್ಲಿ ಒಂದೂ ಏಳಲಿಲ್ಲ. ಹಿತ್ತಲಿನದರಲ್ಲಿ ಒಂದು ಎದ್ದಿತು, ಮತ್ತೆರಡು, ಆಮೇಲೆ ಹದಿನೆಂಟೂ ಗೋಡೆ ಹತ್ತಿದವು. ಪಕ್ಕದ ಸೀಟಿನ ಹೆಂಗಸು, "ಯಾಕವ್ವ ಅಳ್ತಿದ್ದೀಯ?" ಎಂದಾಗಲೇ ನನಗೆ ಗೊತ್ತಾದದ್ದು.

ಮೇಷ್ಟ್ರ ಮನೆ ಸೇರಿದಾಗ ಐದಕ್ಕೆ ಹತ್ತು ನಿಮಿಷ. ಕೊಳವೆಗಳನ್ನು ಕಿಟಕಿಗೆ ಹಿಡಿದು ನೋಡಿದರು.

"ಬದುಕಿರೋದು ಯಾವ ಸೊಪ್ಪಮ್ಮ?"

"ಜಯಮ್ಮ ತಮಗೆ ಅಂತ ಬೆಳೆದದ್ದು, ಸರ್."

"ಸಾಯಿಸಿದ್ದು?"

"ನಮಗೆ ಅಂತ ಔಷಧಿ ಹೊಡೆದು ಬೆಳೆದದ್ದು."

ಅವರು ವರದಿಯ ಹಾಳೆಯನ್ನು ಕಳಿಸದೆ ಮಡಚಿಟ್ಟರು. ಹಾಸನದ ಬಸ್ಸಿನಲ್ಲಿ, ಹೊಸ ಪರೀಕ್ಷೆಗೆಂದು ಜಯಮ್ಮನ ಹಿತ್ತಲಿನಿಂದ ಕಿತ್ತು ತಂದಿದ್ದ ತೂತುಬಿದ್ದ ಎಲೆಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೆ.