ಮುಂದಾಗಿ ಬಂದ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ತಲೆ ಬರಬೇಕಾದ ಕಡೆ ನನ್ನ ಎಡಗಾಲು ಬಂತಂತೆ. ಸೂಲಗಿತ್ತಿ ಹೆದರಿ ‘ಶಿವನೇ’ ಅಂದಳಂತೆ. ಅಪ್ಪ ಮಾತ್ರ ಅಂಗಡಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದರಂತೆ. ಹಾಗೆ ಹುಟ್ಟಿದವರ ಕಾಲು ಸೋಕಿದರೆ ಹಿಡಿದ ಸೊಂಟ ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ. ಕೊಟ್ಟಿಗೆಹಾರದಲ್ಲಿ ಬಸ್ಸುಗಳು ನಿಲ್ಲುವ ಕಡೆಯೇ ನಮ್ಮ ದಿನಸಿ ಅಂಗಡಿ, ಅದರ ಹಿಂದೆಯೇ ಮನೆ. ನನಗೆ ಸರಿಯಾಗಿ ನಡೆಯಲು ಬರುವ ಮೊದಲೇ ನನ್ನ ಕಾಲಿಗೆ ಗಿರಾಕಿಗಳಿದ್ದರು.

ಅದಕ್ಕೊಂದು ಕ್ರಮ ಇತ್ತು. ಸೊಂಟ ಹಿಡಿದವರು ಹಿಂದಿನ ಸಂಜೆಯಿಂದ ಏನೂ ತಿನ್ನಬಾರದು, ನೀರನ್ನೂ ಕುಡಿಯಬಾರದು. ಬೆಳಿಗ್ಗೆ ಬಂದು ಹೊಸ್ತಿಲ ಹತ್ತಿರ ಬೋರಲು ಮಲಗಬೇಕು. ಮನೆಯವರು ನನ್ನ ಎಡಗಾಲನ್ನು ಬಿಸಿನೀರಿನಲ್ಲಿ ತೊಳೆದು ವಿಭೂತಿ ಹಚ್ಚುತ್ತಿದ್ದರು. ಕಾಲಿಗೆ ನೀರು ಬಿದ್ದ ಕ್ಷಣದಿಂದ ಎಲ್ಲ ಮುಗಿಯುವ ತನಕ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಮಾತಾಡಿದರೆ ಗುಣ ಹೋಗುತ್ತದಂತೆ. ನಾನು ಹಿಮ್ಮಡಿಯಿಂದ ಸೊಂಟವನ್ನು ಮೂರು ಸಲ ಒತ್ತಬೇಕು. ಆಮೇಲೆ ದೊಡ್ಡವರನ್ನು ತುಳಿದ ತಪ್ಪಿಗೆ ಅವರ ಪಾದಕ್ಕೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಬೇಕು. ನಮಸ್ಕಾರ ಆಗದೆ ಮದ್ದು ಪೂರ್ತಿಯಾಗುವುದಿಲ್ಲ ಅಂತ ಅಪ್ಪ ಗದರಿಸುತ್ತಿದ್ದರು.

ನನಗೆ ಅದಕ್ಕೆಲ್ಲ ಮೈ ಉರಿಯುತ್ತಿತ್ತು. ಕಾಫಿ ಕೊಯ್ಲಿನ ಕಾಲದಲ್ಲಂತೂ ಭಾನುವಾರ ಬಂತೆಂದರೆ ಮೂಟೆ ಹೊತ್ತು ಸೊಂಟ ಮುರಿದುಕೊಂಡವರು ಅಂಗಳದಲ್ಲಿ ಸಾಲಾಗಿ ಕೂತಿರುತ್ತಿದ್ದರು. ಮೀಸೆ ಹೊತ್ತ ಮೇಸ್ತ್ರಿಗಳು ನನ್ನ ಗೇಣುದ್ದದ ಪಾದದ ಕೆಳಗೆ ‘ಹ್ಞಾ’ ಅಂತ ನರಳುವಾಗ ನಗು ಬರುತ್ತಿತ್ತು, ನಗುವ ಹಾಗೂ ಇಲ್ಲ. ಅರ್ಧದಷ್ಟು ಜನಕ್ಕೆ ನೋವು ಬಿಡುತ್ತಿತ್ತು. ಆ ಜಾತಿಯ ನೋವು ನಾಲ್ಕು ದಿನ ಸುಮ್ಮನೆ ಮಲಗಿದರೂ ಬಿಡುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ನನಗೆ ಐದು ತುಂಬುವಾಗ ಅಮ್ಮ ಹೋದರು. ಏಳಾದಾಗ ಅಣ್ಣನ ಮದುವೆಯಾಗಿ ಅತ್ತಿಗೆ ಬಂದರು. ನನ್ನನ್ನು ಸಾಕಿದ್ದು ಅವರೇ. ಬಂದ ಮೊದಲ ಭಾನುವಾರವೇ ಅಂಗಳಕ್ಕೆ ಇಳಿದು, “ಹುಡುಗಿ ಇನ್ನೂ ಕಾಫಿ ಕುಡ್ದಿಲ್ಲ, ನಿಮ್ಗೆಲ್ಲ ಎಂತ ಅವಸರ? ಕೂತ್ಕೊಳಿ ಸುಮ್ನೆ” ಅಂತ ಜೋರು ಮಾಡಿದರು. ಆವತ್ತಿಂದ ನನ್ನ ಕಾಲು ತೊಳೆಯುವುದು ಅವರ ಕೆಲಸವಾಯಿತು. ಬೆರಳ ಸಂದಿಯನ್ನೂ ಬಿಡದೆ ತೊಳೆದು, ಸೆರಗಿನಲ್ಲಿ ಒರೆಸಿ, ವಿಭೂತಿ ಹಚ್ಚುತ್ತಿದ್ದರು. ಅವರ ಸ್ವಂತ ಪಾದಕ್ಕೆ ಮಾತ್ರ ವಿಪರೀತ ಕಚಗುಳಿ. ಹಬ್ಬದ ದಿನ ನಾನು ನಮಸ್ಕಾರಕ್ಕೆ ಬಗ್ಗಿದರೆ ಸಾಕು, “ಏ ಬಿಡೇ, ಬಿಡೇ ಮಾರಾಯ್ತಿ” ಅಂತ ಬೆರಳು ಮಡಚಿಕೊಂಡು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬೇಕಂತಲೇ ನಾನು ಇನ್ನೊಂದು ಸಲ ಮುಟ್ಟುತ್ತಿದ್ದೆ.

ಓದಿ ದೊಡ್ಡವಳಾದ ಮೇಲೆ ಕಾಲಿನ ಕೆಲಸ ಬಿಟ್ಟು ಕೈಯ ಕೆಲಸ ಕಲಿತೆ. ಪ್ರಕೃತಿ ಚಿಕಿತ್ಸೆ, ಮಸಾಜು, ಆಮೇಲೆ ಬೆನ್ನುಮೂಳೆಯನ್ನು ಕೈಯಿಂದ ಸರಿಪಡಿಸುವ ಕೈರೋಪ್ರಾಕ್ಟಿಕ್ ತರಬೇತಿ. ಚಿಕ್ಕಮಗಳೂರಲ್ಲಿ ಒಂದು ಮಹಡಿ ಮೇಲೆ ಕೋಣೆ ಹಿಡಿದು ಬೋರ್ಡು ಹಾಕಿದೆ. ಜನ ಬಂದರು. ಹೋಂಸ್ಟೇಗೆ ಬರುವ ಬೆಂಗಳೂರಿನವರೂ ಬಂದರು. ಅವರಿಗೆ ನೋವಿಗಿಂತ ಲಟಕ್ಕೆನ್ನುವ ಶಬ್ದ ಮುಖ್ಯ. “ಮೇಡಂ, ವಿಡಿಯೋ ಮಾಡ್ಕೋತೀವಿ, ಜೋರಾಗಿ ಬರೋ ಹಾಗೆ ಮಾಡಿ” ಅನ್ನುತ್ತಿದ್ದರು. ಇದೇನು ಪಟಾಕಿ ಅಂಗಡಿಯಾ ಅಂತ ಬೈದು ಕಳಿಸಿದ್ದೂ ಇದೆ.

ನನಗೆ ಕಲಿಸಿದ ಮೇಷ್ಟ್ರು ಬಹಳ ಕಟ್ಟುನಿಟ್ಟು. ಬೆನ್ನಿಗೆ ಕೈ ಹಾಕುವ ಮೊದಲು ಬಾಯಿ ಬಿಟ್ಟು ಕೇಳಬೇಕು ಅನ್ನುತ್ತಿದ್ದರು. ಜ್ವರ ಇದೆಯಾ, ತೂಕ ಇಳಿದಿದೆಯಾ, ಎರಡೂ ಕಾಲಿಗೆ ಬಲ ಇದೆಯಾ, ಕೂರುವ ಜಾಗ ಜೋಮು ಹಿಡಿದಿದೆಯಾ, ಮೂತ್ರ ಸರಿಯಾಗಿ ಹೋಗುತ್ತದಾ. ಕೊನೆಯ ಎರಡಕ್ಕೆ ಹೌದೋ ಅಲ್ಲವೋ ಅಂತ ತಡವರಿಸಿದರೂ ಮುಟ್ಟಬೇಡಿ, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕಳಿಸಿ, ಅಲ್ಲಿ ಗಂಟೆಗಳ ಲೆಕ್ಕ ಅನ್ನುತ್ತಿದ್ದರು. ನಾನು ಆ ಪ್ರಶ್ನೆಗಳನ್ನು ಹಾಳೆಯಲ್ಲಿ ಅಚ್ಚು ಹಾಕಿಸಿಟ್ಟುಕೊಂಡೆ. ಒಮ್ಮೆ ಮಲ್ಲಂದೂರು ಕಡೆಯ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ಬಂದಿದ್ದರು. ಕೊನೆಯ ಎರಡು ಪ್ರಶ್ನೆಗೆ ತಡವರಿಸಿದರು. ಅವರನ್ನು ಮಂಚ ಹತ್ತಲೂ ಬಿಡದೆ ಆಟೋ ಹತ್ತಿಸಿದೆ. ಸಿಟ್ಟಿನಲ್ಲಿ ಗೊಣಗುತ್ತಾ ಹೋದವರು, ಎರಡು ತಿಂಗಳ ಮೇಲೆ ಮೆಟ್ಟಿಲು ಹತ್ತಿ ಬಂದು ಒಂದು ಚೀಲ ಕಿತ್ತಳೆ ಇಟ್ಟರು. ಆ ಚೀಲವನ್ನು ಅತ್ತಿಗೆಗೆ ಕೊಟ್ಟು, ಯಾಕೆ ಕೊಟ್ಟರು ಅಂತ ಹೇಳಿ, ಎಷ್ಟು ಜಂಬ ಪಟ್ಟಿದ್ದೆ!

ಮೂರು ವರ್ಷದ ಹಿಂದೆ ಅತ್ತಿಗೆಗೆ ಸೊಂಟ ನೋವು ಶುರುವಾಯಿತು. ಅಂಗಡಿಯಲ್ಲಿ ಅಕ್ಕಿ ಮೂಟೆ ಎಳೆಯುವುದು ಅವರೇ, ಬೇಡ ಅಂದರೆ ಕೇಳುವವರಲ್ಲ. ನೋವು ಬಲಗಾಲಿಗೂ ಇಳಿಯುತ್ತಿತ್ತು. ನಾನು ಶಾಖ ಕೊಟ್ಟೆ, ವ್ಯಾಯಾಮ ಹೇಳಿಕೊಟ್ಟೆ, ಸ್ಕ್ಯಾನ್ ಮಾಡಿಸಿ ಬನ್ನಿ ಅಂತ ಹತ್ತು ಸಲ ಹೇಳಿದೆ. “ಮನೇಲಿ ನಿನ್ ಕಾಲಿರುವಾಗ ನಂಗ್ಯಾಕೆ ಸ್ಕ್ಯಾನು?” ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು, ಆದರೆ ತಮಾಷೆಗೆ ಅಲ್ಲ. ನನ್ನ ಸರ್ಟಿಫಿಕೇಟು ಅವರಿಗೆ ಗೋಡೆಗೆ ಹಾಕುವ ಪಟ, ಅಷ್ಟೆ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಅಣ್ಣನ ಫೋನು ಬಂತು. “ಇವ್ಳಿಗೆ ಏಳಕ್ಕೇ ಆಗ್ತಿಲ್ಲ. ನಿನ್ನೆ ಸಂಜೆಯಿಂದ ಒಂದು ತೊಟ್ಟು ನೀರೂ ಕುಡ್ದಿಲ್ಲ. ನೀನು ಬಂದು ಕಾಲು ಮುಟ್ಟಿಸ್ಬೇಕಂತೆ. ಬೇರೆ ಎಂತದೂ ಬೇಡವಂತೆ.” ಸಿಕ್ಕಿದ ಬಸ್ಸು ಹತ್ತಿ ಮೂಡಿಗೆರೆ ಮೇಲೆ ಹೋದೆ. ಚೀಲದಲ್ಲಿ ಪ್ರಶ್ನೆಗಳ ಹಾಳೆ ಇತ್ತು. ಅದು ಆ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಅತ್ತಿಗೆ ಹೊಸ್ತಿಲ ಹತ್ತಿರ ಚಾಪೆಯ ಮೇಲೆ ಬೋರಲು ಮಲಗಿದ್ದರು. ಪಕ್ಕದಲ್ಲಿ ಬಿಸಿನೀರಿನ ಚೆಂಬು, ತಟ್ಟೆಯಲ್ಲಿ ವಿಭೂತಿ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅಣ್ಣ ನನ್ನ ಕಾಲಿಗೆ ನೀರು ಹೊಯ್ದೇಬಿಟ್ಟ. “ಅತ್ತಿಗೆ, ಒಂದು ನಿಮಿಷ...” ಅಂತ ಬಾಯಿ ತೆರೆದೆ. ಅವರು ತಲೆ ಎತ್ತಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಬೆರಳನ್ನು ತುಟಿಗೆ ಒತ್ತಿಕೊಂಡು ಸಿಟ್ಟಿನಿಂದ ತಲೆಯಾಡಿಸಿದರು. ನಿನ್ನೆ ಸಂಜೆಯಿಂದ ಬಾಯಾರಿಕೊಂಡು ಕಾದದ್ದನ್ನು ಹಾಳು ಮಾಡಬೇಡ ಅಂತ ಅದರ ಅರ್ಥ. ನಾನು ಸುಮ್ಮನಾದೆ.

ನಿಜ ಹೇಳುತ್ತೇನೆ. ಸುಮ್ಮನಾಗಿದ್ದು ಭಯದಿಂದಲ್ಲ, ಪೂರ್ತಿ ನಂಬಿಕೆಯಿಂದಲೂ ಅಲ್ಲ. ಕೂರುವ ಜಾಗದಲ್ಲಿ ಸ್ಪರ್ಶ ಗೊತ್ತಾಗುತ್ತದಾ ಅಂತ ಅಣ್ಣನ ಎದುರಿಗೆ ಅತ್ತಿಗೆಯನ್ನು ಕೇಳುವುದು ಹೇಗೆ ಅಂತ ಒಳಗೊಳಗೇ ಹಿಂಜರಿಕೆ ಇತ್ತು. ಮಾತಾಡಬಾರದು ಅನ್ನುವ ಕ್ರಮ ಆ ಹಿಂಜರಿಕೆಗೆ ಸರಿಯಾಗಿ ಒದಗಿಬಂತು. ಕೇಳದೆ ಇರಲು ನನಗೆ ಒಂದು ನೆಪ ಸಿಕ್ಕಿತು, ನಾನು ತೆಗೆದುಕೊಂಡೆ.

ಗೋಡೆ ಹಿಡಿದು ಹಿಮ್ಮಡಿ ಇಟ್ಟೆ. ಮೂರು ಸಲ, ಹಗುರವಾಗಿಯೇ. ಅತ್ತಿಗೆ ಉಸಿರು ಬಿಟ್ಟರು. ಆಮೇಲೆ ಕೆಳಗೆ ಕೂತು ಅವರ ಪಾದ ಹಿಡಿದು ಹಣೆ ಮುಟ್ಟಿಸಿದೆ. ಪಾದ ತಣ್ಣಗಿತ್ತು. ಅವರು ಬೆರಳು ಮಡಚಲಿಲ್ಲ, ‘ಏ ಬಿಡೇ’ ಅನ್ನಲಿಲ್ಲ, ಕಾಲು ಎಳೆದುಕೊಳ್ಳಲಿಲ್ಲ. ಪಾಪ, ಸುಸ್ತಾಗಿದ್ದಾರೆ ಅಂದುಕೊಂಡೆ. ಐವತ್ತು ಹತ್ತಿರ ಬಂದವಳು, ನೂರಾರು ಬೆನ್ನು ನೋಡಿದವಳು, ಹಾಗೆ ಅಂದುಕೊಂಡೆ.

“ಹಗುರಾಯ್ತು ಕಣೇ. ನೋವೇ ಇಲ್ಲ ನೋಡು” ಅಂದರು ಅತ್ತಿಗೆ. ಅವರ ಮುಖ ಅರಳಿತ್ತು. “ನೋಡಿದ್ರಾ? ನಾನು ಹೇಳ್ಲಿಲ್ವಾ?” ಅಂತ ಅಣ್ಣನಿಗೆ ಅಂದರು. ಮಲಗಿದಲ್ಲೇ ಎರಡು ಲೋಟ ಕಾಫಿ ಕುಡಿದರು. ನನಗೂ ಒಳಗೆ ಖುಷಿಯೇ ಆಯಿತು, ಮುಚ್ಚಿಡುವುದೇಕೆ? ಇವತ್ತೊಂದು ದಿನ ಮಲಗಿರಲಿ, ನಾಳೆ ಎದ್ದು ಓಡಾಡಲಿ ಅಂತ ಅಣ್ಣನಿಗೆ ಹೇಳಿ, ಅಕ್ಕಿರೊಟ್ಟಿ ತಿಂದು, ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಟೆ. ನೋವು ಹೋದದ್ದು ನರ ಸತ್ತದ್ದಕ್ಕೂ ಇರಬಹುದು ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಸೋಮವಾರ ಬೆಳಿಗ್ಗೆ ಅಣ್ಣ ಫೋನಿನಲ್ಲಿ ಅಳುತ್ತಿದ್ದ. ಅತ್ತಿಗೆಗೆ ಗೊತ್ತಿಲ್ಲದೆಯೇ ಹಾಸಿಗೆ ಒದ್ದೆಯಾಗಿತ್ತು, ಎರಡೂ ಕಾಲು ಎತ್ತಲು ಬರುತ್ತಿರಲಿಲ್ಲ. ನಾನು ತಲುಪುವ ತನಕ ಕಾಯಬೇಡ, ಈಗಲೇ ಹೊರಡು ಅಂತ ಕಿರುಚಿದೆ. ಪಕ್ಕದ ಹೋಟೆಲಿನವರ ಜೀಪಿನಲ್ಲಿ ಮಲಗಿಸಿಕೊಂಡು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋದರು. “ಘಟ್ಟದ ಒಂದೊಂದು ತಿರುವಿಗೂ ಅವಳು ನನ್ನ ಕೈ ಹಿಡ್ಕೊಂಡು ಕ್ಷಮೆ ಕೇಳ್ತಿದ್ಲು” ಅಂತ ಅಣ್ಣ ಆಮೇಲೆ ಹೇಳಿದ. ಹಾಸಿಗೆ ಒದ್ದೆಯಾದದ್ದಕ್ಕೆ ಕ್ಷಮೆ.

ಮಧ್ಯಾಹ್ನ ನಾನು ಆಸ್ಪತ್ರೆ ತಲುಪಿದಾಗ ಡಾಕ್ಟರು ಅತ್ತಿಗೆಯನ್ನು ಪ್ರಶ್ನೆ ಕೇಳುತ್ತಿದ್ದರು. ಅವವೇ ಪ್ರಶ್ನೆಗಳು, ನನ್ನ ಹಾಳೆಯ ಅನುಕ್ರಮದಲ್ಲೇ. ಅಣ್ಣ ಪಕ್ಕದಲ್ಲೇ ನಿಂತಿದ್ದ, ಯಾರಿಗೂ ಏನೂ ಹಿಂಜರಿಕೆಯಾಗಲಿಲ್ಲ.

“ಮೂತ್ರ ಯಾವಾಗಿನಿಂದ ಕಟ್ಟಿತ್ತಮ್ಮ?”

“ಶನಿವಾರ ಸಂಜೆಯಿಂದ.”

“ಮತ್ತೆ ಯಾಕೆ ಹೇಳಲಿಲ್ಲ?”

ಅತ್ತಿಗೆ ನನ್ನ ಕಡೆ ನೋಡಿದರು. “ನೀರು ಕುಡೀಬಾರದಿತ್ತಲ್ಲ ಡಾಕ್ಟ್ರೇ. ನೀರೇ ಕುಡ್ದಿಲ್ಲ, ಇನ್ನು ಎಲ್ಲಿಂದ ಬರ್ತದೆ ಅನ್ಕೊಂಡೆ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಅವರನ್ನು ಹೊರಗೆ ಕರೆದು ಎಲ್ಲ ಹೇಳಿದೆ, ನನ್ನ ತರಬೇತಿಯನ್ನೂ ಸೇರಿಸಿ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೂಳೆಯ ನಡುವಿನ ಡಿಸ್ಕು ಜಾರಿ ನರದ ಗೊಂಚಲನ್ನೇ ಒತ್ತಿಹಿಡಿದಿದೆ, ನಿಮ್ಮ ಕಾಲಿಂದ ಹೆಚ್ಚಾಯಿತೋ, ಮೊದಲೇ ಅಷ್ಟಾಗಿತ್ತೋ ಯಾರೂ ಹೇಳಲಾರರು, ನಿನ್ನೆ ಬೆಳಿಗ್ಗೆ ಬಂದಿದ್ದರೆ ಕಾಲು ಉಳಿಯುವ ಸಾಧ್ಯತೆ ಬಹಳ ಇತ್ತು ಅಂದರು. ಆಮೇಲೆ, “ನಿಮಗೆ ಗೊತ್ತಿರೋ ಪ್ರಶ್ನೆನೇ ಅಲ್ವಾ? ಕೇಳಲಿಲ್ವಾ?” ಅಂದರು. “ಕೇಳಲಿಲ್ಲ” ಅಂದೆ. ಅಂದೇ ಆಪರೇಷನ್ ಆಯಿತು. ಕಾಲು ಬರಲಿಲ್ಲ, ಕಾಲಿನ ಸ್ಪರ್ಶವೂ ಬರಲಿಲ್ಲ.

ಈಗ ಅತ್ತಿಗೆ ಅಂಗಡಿಯ ಪಕ್ಕದ ಕೋಣೆಯಲ್ಲಿ ಕಿಟಕಿ ಕಡೆ ಮುಖ ಮಾಡಿ ಮಲಗಿರುತ್ತಾರೆ. ಹೋಗಿಬರುವ ಬಸ್ಸು ನೋಡುವುದೇ ಅವರ ಹಗಲು. ನಾನು ಪ್ರತಿ ಭಾನುವಾರ ಹೋಗಿ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿನಲ್ಲಿ ಹುಣ್ಣಾಗದ ಹಾಗೆ ಎಣ್ಣೆ ಹಚ್ಚಿ ಬರುತ್ತೇನೆ. ಊರಲ್ಲಿ ನಾನಾ ಮಾತು. ಚಿಕ್ಕಮಗಳೂರಿನ ಬೋರ್ಡು ಬಂದ ಮೇಲೆ ಕಾಲಿನ ಗುಣ ಹೋಯಿತು ಅನ್ನುವವರಿದ್ದಾರೆ. ಬಾಗಿಲಲ್ಲಿ ‘ಒಂದು ನಿಮಿಷ’ ಅಂದೆನಲ್ಲ, ಆ ಮಾತಿಂದಲೇ ಕೆಟ್ಟಿತು ಅನ್ನುವವರೂ ಇದ್ದಾರೆ. ಮಾತು ಹೆಚ್ಚಾಯಿತಂತೆ! ಕೇಳಿದಾಗ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಎಲ್ಲಕ್ಕಿಂತ ಕಷ್ಟ ಅತ್ತಿಗೆಯ ಮಾತು. “ನಿನ್ ಕಾಲಿಗೆಂತ ಆಗ್ಯದೆ? ನೋವು ಹೋಯ್ತಲ್ಲ ಆವತ್ತು. ಆಮೇಲಿಂದು ನನ್ ಹಣೆಬರಹ” ಅನ್ನುತ್ತಾರೆ. ಹೋದ ತಿಂಗಳು ಅಂಗಡಿಗೆ ಬಂದ ಒಬ್ಬ ಹೆಂಗಸು ಸೊಂಟ ಹಿಡಿದುಕೊಂಡಿದ್ದನ್ನು ಕಂಡು, ಭಾನುವಾರ ನಮ್ಮ ಹುಡುಗಿ ಬರ್ತಾಳೆ, ನೀರು ಕುಡೀದೆ ಬನ್ನಿ ಅಂತ ಹಾಸಿಗೆಯಿಂದಲೇ ಕೂಗಿ ಹೇಳಿದ್ದರಂತೆ. ಆಕೆ ಬಂದರು. ನಾನು ಮೊದಲು ಒಂದು ಚೆಂಬು ನೀರು ಕುಡಿಸಿ, ಅಷ್ಟೂ ಪ್ರಶ್ನೆ ಕೇಳಿ, ಡಾಕ್ಟರ ಹತ್ತಿರ ಕಳಿಸಿದೆ. ಮುಂದಿನ ಭಾನುವಾರವೂ ಅತ್ತಿಗೆ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಈ ಭಾನುವಾರ ಕೆಲಸವೆಲ್ಲ ಮುಗಿದ ಮೇಲೆ ಬಸ್ಸಿಗೆ ಇನ್ನೂ ಸಮಯ ಇತ್ತು. ಅತ್ತಿಗೆ ಕಿಟಕಿಯ ಕಡೆ ತಿರುಗಿ ಧರ್ಮಸ್ಥಳದಿಂದ ಬರುವ ನನ್ನ ಬಸ್ಸು ಬಂತಾ ಅಂತ ನೋಡುತ್ತಿದ್ದರು. ನಾನು ಮಂಚದ ಬುಡದಲ್ಲಿ ಕೂತು, ಕಂಬಳಿ ಸರಿಸಿ, ಅವರ ಎರಡೂ ಪಾದ ಹಿಡಿದು ಹಣೆ ಇಟ್ಟೆ. ತಪ್ಪಾಯಿತು ಅನ್ನಬೇಕು ಅಂತಿದ್ದೆ, ಬಾಯಿ ಬರಲಿಲ್ಲ. ಅಂಗಾಲನ್ನು ಬೆರಳಿನಿಂದ ಸವರಿದೆ, ಚಿಕ್ಕಂದಿನಲ್ಲಿ ಬೇಕಂತಲೇ ಮುಟ್ಟುತ್ತಿದ್ದ ಹಾಗೆ. ಎಷ್ಟು ಹೊತ್ತು ಹಾಗೇ ಇದ್ದೆನೋ, ಕಣ್ಣೀರು ಅವರ ಬೆರಳ ಸಂದಿಗೆ ಇಳಿಯಿತು.

ಅತ್ತಿಗೆ ಕಿಟಕಿಯಿಂದ ಮುಖ ತಿರುಗಿಸದೆ ಕೂಗಿದರು, “ಏ ಎಲ್ಲಿ ಹೋದ್ಯೇ? ನಿನ್ ಬಸ್ ಬಂತು ನೋಡು. ನಮಸ್ಕಾರ ಮಾಡ್ದೆ ಹೊರಟೇಬಿಟ್ಯಾ?”