ಅಡುಗೆಮನೆ ಗೋಡೆಯ ಪಾಠಪಟ್ಟಿ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಭಾಲ್ಕಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲೇ ಓದಿ ಬರೆದು ಕೂದಲು ನರೆಸಿಕೊಂಡವನು, ಈಗ ಮಕ್ಕಳ ಹಾಗೆ ಕನ್ನಡ ಅಕ್ಷರ ತಿದ್ದುತ್ತಿದ್ದೆ. ಹೆಂಡತಿ, ಮಗಳು ಔರಾದಿನಲ್ಲಿ. ಶನಿವಾರ ಸಂಜೆ ಬಸ್ಸು ಹಿಡಿದು ಹೋಗುವುದು, ಸೋಮವಾರ ಬೆಳಿಗ್ಗೆ ವಾಪಸು.

ಮಗಳಿಗೆ ಹದಿನಾಲ್ಕು. ತಾಯಿಯ ಕಾಯಿಲೆಯ ದೆಸೆಯಿಂದ ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದಳು. ಒಂದು ಭಾನುವಾರ ರೊಟ್ಟಿ ಬಡಿಯುತ್ತ ಹೇಳಿದಳು: "ಅಪ್ಪಾ, ಮನ್ಯಾಗೇ ಓದಿ ಏಳನೇ ಪರೀಕ್ಷಾಕ್ಕ ಕೂಡ್ತೇನ್ರಿ. ಮುಂದ ಕನ್ನಡ ಸಾಲ್ಯಾಗ ಕಲಿಸ್ತೇನಿ."

ನನಗೆ ಎಷ್ಟು ಖುಷಿಯಾಯಿತೆಂದರೆ ಅವಳಿಗೆ ಮುಂದಿನ ಮಾತು ಆಡಲೇ ಬಿಡಲಿಲ್ಲ. ಕೂತಲ್ಲಿ ಕೂಡುವ ಆಸಾಮಿ ನಾನಲ್ಲ. ಆಗಲೇ ದೊಡ್ಡ ಹಾಳೆ ತಂದು ಒಂದರ ಪಕ್ಕ ಒಂದರಂತೆ ಹತ್ತು ಖಾನೆ ಎಳೆದೆ. ಸುಲಭದ ಕೂಡುವ ಲೆಕ್ಕದಿಂದ ಹಿಡಿದು ಕಠಿಣವಾದ ತ್ರೈರಾಶಿವರೆಗೆ, ತಿಂಗಳಿಗೊಂದು ಖಾನೆಯಂತೆ ಗಣಿತದ ಪಾಠ ತುಂಬಿ ಅಡುಗೆಮನೆ ಗೋಡೆಗೆ ಅಂಟಿಸಿದೆ. "ಒಂದ್ ಖಾನಿ ಮುಗಿಯೋತನಕ ಮತ್ತೊಂದು ಮುಟ್ಟಬ್ಯಾಡ," ಅಂದೆ.

ಪ್ರತಿ ಶನಿವಾರ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದೆ, "ಮುಗೀತಾ?" "ಇಲ್ರಿ." ಪಾಟಿ ತೋರಿಸು ಎಂದು ಒಮ್ಮೆಯೂ ಅನ್ನಲಿಲ್ಲ; ಅಷ್ಟು ತಾಳ್ಮೆ ಎಲ್ಲಿತ್ತು? "ಇಷ್ಟು ಸಲೀಸ ಖಾನಿ ಮುಗಿವಲ್ದು ಅಂದ್ರ ಹ್ಯಾಂಗ?" ಎಂದು ರೇಗುತ್ತಿದ್ದೆ. ಎರಡು ತಿಂಗಳಾದ ಮೇಲೆ ಅವಳು ತಲೆ ತಗ್ಗಿಸಿ, "ನನ್ನ ಕೈಲಿ ಆಗಂಗಿಲ್ರಿ, ಬಿಡ್ತೇನಿ," ಅಂದಳು. ಭಾಲ್ಕಿಗೆ ಮರಳಿದ ಮೇಲೆ ನನಗೆ ಅನ್ನ ರುಚಿಸಲಿಲ್ಲ.

ಬುಧವಾರ, ಮೈಸೂರು ಕಡೆಯಿಂದ ಬಂದಿದ್ದ ಹೊಸ ಸಾಹೇಬರು ನಾನು ಗೆರೆ ಎಳೆದಿದ್ದ ರಿಜಿಸ್ಟರು ಎತ್ತಿ ಹಿಡಿದರು. "ಏನ್ರೀ ಇದು? ಮೊದಲನೇ ಖಾನೆ ಬಲಗಡೆ ತುದೀಲಿದೆಯಲ್ಲ!" ಕಚೇರಿಯೆಲ್ಲ ನಕ್ಕಿತು. ಬಲದಿಂದ ಎಡಕ್ಕೆ ಉರ್ದು ಬರೆದ ಕೈ, ಅಕ್ಷರ ಬದಲಾದರೂ ಅಭ್ಯಾಸ ಬಿಟ್ಟಿರಲಿಲ್ಲ. ನಾನೂ ನಗಲು ಹೋದೆ, ಆಗಲಿಲ್ಲ. ಮನೆಯ ಗೋಡೆಯ ಹಾಳೆ ನೆನಪಾಗಿತ್ತು. ಅಲ್ಲೂ ಹೀಗೇ ಬರೆದಿದ್ದೆ. ಕನ್ನಡ ಓದುವ ಹುಡುಗಿ ಎಡದಿಂದ ಹಿಡಿದು, ಎರಡು ತಿಂಗಳಿಂದ ತ್ರೈರಾಶಿಯ ಜೊತೆ ಗುದ್ದಾಡುತ್ತಿದ್ದಾಳೆ!

ರಜೆ ಬರೆದುಕೊಟ್ಟು ಸಿಕ್ಕ ಬಸ್ಸು ಹತ್ತಿದೆ. ಅದು ನಿಂತಲ್ಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಮನೆಗೆ ಬಂದವನೇ ಮಗಳ ಮುಂದೆ ನನ್ನ ತಪ್ಪು ಹೇಳಿಕೊಂಡೆ.

"ಉಲ್ಟಾ ಅದ ಅಂತ ಮೂರನೇ ವಾರಕ್ಕೇ ಗೊತ್ತಾಗಿತ್ರಿ," ಅಂದಳು.

"ಮತ್ತ ಹೇಳಲಿಲ್ಲ ಯಾಕ?"

"ನಿಮ್ಮದು ತಪ್ಪು ಅದ ಅನ್ನೋದಕ್ಕಿಂತ ನನಗ ಬರಂಗಿಲ್ಲ ಅನ್ನೋದು ಹಗುರ ಅನಿಸ್ತುರಿ."

ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ಪರೀಕ್ಷೆಗಿಂತ ನಾನೇ ಅವಳಿಗೆ ಕಠಿಣವಾಗಿದ್ದೆ. ಹಾಳೆ ಕಿತ್ತು, ಅದರ ಖಾಲಿ ಹಿಂಬದಿ ಮೇಲೆ ಮಾಡಿ ನೆಲದ ಮೇಲಿಟ್ಟು, ಪೆನ್ಸಿಲ್ ಅವಳ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಗೆರೆ ಎಳೆಯತೊಡಗಿದಳು. ಗೆರೆ ಸೊಟ್ಟಗಾಯಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು.

"ನೀವು ಸುಮ್ಮ ಕೂಡ್ರಿ ಅಪ್ಪಾ," ಅಂದಳು, ತಲೆ ಎತ್ತದೆ.

ಅಂಜದೆ ಅವಳು ನನಗೆ ಹೇಳಿದ ಮೊದಲ ಮಾತು ಅದು. ಸುಮ್ಮನೆ ಕೂತೆ.