ಗಿರಿಜಮ್ಮ ಮಾರಿದ ದೋಣಿ

ಫರೀದಾಬಾದಿನ ಆ ಮನೆಯ ಹಿತ್ತಲಲ್ಲಿ ಇಪ್ಪತ್ತೆಂಟು ವರ್ಷ ಒಂದು ದೋಣಿ ಬಿದ್ದಿತ್ತು. ಗಂಡ ಚಂದ್ರಮೋಹನ ಅದನ್ನು ಕಲ್ಕತ್ತೆಯ ಮಿಲಿಟರಿ ಹರಾಜಿನಲ್ಲಿ ಕೊಂಡು ಲಾರಿಯಲ್ಲಿ ತರಿಸಿದಾಗ ಗಿರಿಜಮ್ಮ, "ಯಮುನೆಯಲ್ಲಿ ಮೀನು ಹಿಡೀತೀರಾ?" ಎಂದು ರೇಗಿದ್ದರು. "ಹೂಂ, ಹಿಡಿಯೋಣ" ಎಂದಿದ್ದರು ಅವರು. ಒಂದು ದಿನವೂ ಅದನ್ನು ನೀರಿಗೆ ಇಳಿಸಲಿಲ್ಲ. ಗಿರಿಜಮ್ಮ ಅದನ್ನು ಬೋರಲು ಹಾಕಿಸಿ ಹಪ್ಪಳ ಒಣಗಿಸಿದರು, ಹಾಗಲಬಳ್ಳಿ ಹಬ್ಬಿಸಿದರು. ಗಂಡ ಮದುವೆಗೆ ಮುಂಚೆ ಕೆಲವು ವರ್ಷ ಸೈನ್ಯದಲ್ಲಿದ್ದದ್ದು ಅವರಿಗೆ ಗೊತ್ತಿತ್ತು. ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ ಎಂದು ಅವರೇ ಹೇಳಿದ್ದರು. ಆಮೇಲೆ ಟ್ರ್ಯಾಕ್ಟರ್ ಬಿಡಿಭಾಗಗಳ ಕಾರ್ಖಾನೆಯಲ್ಲಿ ಫೋರ್‌ಮನ್. ಮಾತು ಕಡಿಮೆ. ಸಾಯಂಕಾಲ ಹೆಂಡತಿಯ ಊದಿದ ಮಂಡಿಗೆ ಎಣ್ಣೆ ತಿಕ್ಕುವುದನ್ನು ಮಾತ್ರ ತಪ್ಪಿಸಿದವರಲ್ಲ.

೨೦೦೭ರಲ್ಲಿ ಮನೆ ಬಿಟ್ಟು ನೋಯ್ಡಾದ ಫ್ಲ್ಯಾಟಿಗೆ ಹೋಗುವುದೆಂದಾಯಿತು. ನಾಲ್ಕನೆಯ ಮಹಡಿಗೆ ದೋಣಿ ಹತ್ತೀತೆ? ದೋಣಿ ಮಾರುವುದಿದೆ ಎಂದು ಗಿರಿಜಮ್ಮ ಕನ್ನಡ ಸಂಘದಲ್ಲಿ ಹೇಳಿದ್ದೇ ತಡ, ಹಳೆಯ ಯುದ್ಧಸಾಮಗ್ರಿ ಕೂಡಿಡುವ ಹುಚ್ಚಿದ್ದ ಶ್ರೀವತ್ಸ ಎಂಬ ಐಟಿ ಹುಡುಗ ಭಾನುವಾರ ಬೆಳಿಗ್ಗೆಯೇ ಬಂದಿಳಿದ.

ಇಬ್ಬರು ಕೂಲಿಗಳು ದೋಣಿಯನ್ನು ಮಗುಚಿದರು. ತಳದ ಹಲಗೆ ಗೆದ್ದಲು ತಿಂದು ಜಾಳಾಗಿತ್ತು. ಶ್ರೀವತ್ಸ ಚಾಕುವಿನಿಂದ ಹಸಿರು ಬಣ್ಣವನ್ನು ಕೆರೆಯುತ್ತಾ ಹೋದ. ಎರಡೂ ಪಕ್ಕದ ಹಲಗೆಗಳಲ್ಲಿ ಬೇರೆ ಮರದ ದುಂಡನೆಯ ಬಿಲ್ಲೆಗಳು ಕಾಣಿಸಿದವು.

"ಆಂಟಿ, ಇವು ಗುಂಡಿನ ತೂತುಗಳು! ಆಮೇಲೆ ಮುಚ್ಚಿದ್ದಾರೆ. ಇದು ಯುದ್ಧ ನೋಡಿದ ದೋಣಿ!"

"ಏನಂದ್ರೆ, ಇಲ್ಲಿ ಬಂದು ನೋಡಿ" ಎಂದು ಗಿರಿಜಮ್ಮ ಕೂಗಿದರು.

ಚಂದ್ರಮೋಹನ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಏಳಲಿಲ್ಲ. ಅಲ್ಲಿಂದಲೇ ಹೇಳಿದರು: "ಎಡಕ್ಕೆ ಏಳು, ಬಲಕ್ಕೆ ಎರಡು."

ಶ್ರೀವತ್ಸ ಎಣಿಸಿದ. ಎಡಕ್ಕೆ ಏಳು, ಬಲಕ್ಕೆ ಎರಡು.

ಗಿರಿಜಮ್ಮ ಮೆಟ್ಟಿಲ ಕಡೆ ತಿರುಗಿದರು. "ನಿಮಗೆ ಹೇಗೆ ಗೊತ್ತು?"

"ನಾನೇ ಹುಟ್ಟು ಹಾಕ್ತಿದ್ದೆ."

ಮೂವತ್ತಮೂರು ವರ್ಷ ಸಂಸಾರ ಮಾಡಿದ ಮನುಷ್ಯ ಅಂದು ಮೊದಲ ಸಲ ಬಾಯಿಬಿಟ್ಟರು. ಎಪ್ಪತ್ತೊಂದರ ಡಿಸೆಂಬರ್, ಪೂರ್ವ ಬಂಗಾಳದ ಒಂದು ನದಿ, ಮಟಮಟ ಮಧ್ಯಾಹ್ನ. ಗಾಯಗೊಂಡ ಸಿಪಾಯಿಗಳನ್ನು ಈಚೆ ದಡಕ್ಕೆ ತರುತ್ತಿದ್ದಾಗ ಶೆಲ್ ಬೀಳತೊಡಗಿ ಹಳ್ಳಿಯ ಜನ ನೀರಿಗೆ ಧುಮುಕಿದರು. ಹತ್ತಿದವರು ಹತ್ತಿದರು. ದೋಣಿಯ ಅಂಚು ನೀರಿಗೆ ಸಮನಾಯಿತು.

"ಒಬ್ಬಳು ಹೆಂಗಸು ಮಗುವನ್ನ ಒಳಗೆ ಎಸೆದಳು. ಆಮೇಲೆ ಅಂಚು ಹಿಡಿದಳು. ದೋಣಿ ವಾಲಿತು, ನೀರು ನುಗ್ಗಿತು. ಬಿಡು ಅಂದೆ. ಬಿಡಲಿಲ್ಲ." ಚಂದ್ರಮೋಹನ ಲೋಟ ಕೆಳಗಿಟ್ಟರು. "ಹುಟ್ಟಿನಿಂದ ಅವಳ ಕೈ ಮೇಲೆ ಬಡಿದೆ."

ಶ್ರೀವತ್ಸ ಚಾಕು ಮಡಚಿ ಜೇಬಿಗೆ ಹಾಕಿಕೊಂಡ.

"ಮಗು?" ಗಿರಿಜಮ್ಮ ಕೇಳಿದರು.

"ದಡ ಮುಟ್ಟಿಸಿದೆ. ಯಾರೋ ಎತ್ತಿಕೊಂಡು ಹೋದರು."

"ಮತ್ತೆ ಇದನ್ನ ಯಾಕೆ ಮನೆಗೆ ತಂದಿರಿ?"

"ಬೇರೆ ಯಾರಾದ್ರೂ ಕೊಂಡು ಸೌದೆ ಮಾಡಿಬಿಟ್ರೆ? ಅದು ನಡೆದೇ ಇಲ್ಲ ಅಂತಾಗಿಬಿಡ್ತಿತ್ತು."

ಆ ಸಾಯಂಕಾಲ ಚಂದ್ರಮೋಹನ ಎಣ್ಣೆಯ ಬಟ್ಟಲು ಹಿಡಿದು ಬಂದಾಗ ಗಿರಿಜಮ್ಮ ಸೀರೆಯನ್ನು ಎಳೆದು ಮಂಡಿ ಮುಚ್ಚಿಕೊಂಡರು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಗಂಡ ಬಟ್ಟಲನ್ನು ಕಿಟಕಿಯಲ್ಲಿಟ್ಟು ಹೊರಗೆ ಹೋದರು. ತನ್ನ ಮಕ್ಕಳಿಗೆ ಸ್ನಾನ ಮಾಡಿಸಿದ್ದು ಇದೇ ಕೈ ಎಂಬ ಯೋಚನೆ ಗಿರಿಜಮ್ಮನನ್ನು ವಾರಗಟ್ಟಲೆ ಬಿಡಲಿಲ್ಲ. ಮಗುವನ್ನು ದಡ ಮುಟ್ಟಿಸಿದ್ದೂ ಇದೇ ಕೈಯಲ್ಲವೆ ಎಂದುಕೊಂಡರೂ ಸಮಾಧಾನವಾಗಲಿಲ್ಲ.

ಶ್ರೀವತ್ಸ ಮತ್ತೆ ಬಂದ. ಅವನೇ ದುರಸ್ತಿ ಮಾಡಿಸಿ ನೋಯ್ಡಾದ ತನ್ನ ಶೆಡ್ಡಿನಲ್ಲಿ ಜನರಿಗೆ ತೋರಿಸುವವನಿದ್ದ. "ಫಲಕದಲ್ಲಿ ಯುದ್ಧ ಗೆದ್ದ ದೋಣಿ ಅಂತ ಬರೀತೀನಿ ಆಂಟಿ. ಆ ಹೆಂಗಸಿನ ವಿಷಯ ಬೇಡ. ಅಂಕಲ್‌ಗೂ ಕೆಟ್ಟ ಹೆಸರು."

"ಹಾಗಾದ್ರೆ ಕೊಡಲ್ಲ" ಎಂದರು ಗಿರಿಜಮ್ಮ. "ಅವಳು ಇದ್ದಳು ಅಂತ ಬರೆದರೆ ಮಾತ್ರ ಎತ್ತಿಕೊಂಡು ಹೋಗು."

ಎರಡು ದಿನ ಯೋಚಿಸಿ ಅವನು ಒಪ್ಪಿದ.

ಮುಂದಿನ ವರ್ಷ ಚಳಿಗಾಲದಲ್ಲಿ ಇಬ್ಬರನ್ನೂ ಕರೆಸಿದ. ತಳದ ಹಲಗೆಗಳೆಲ್ಲ ಹೊಸವು. ಒಂಬತ್ತು ಬಿಲ್ಲೆಗಳಿಗೆ ಮಾತ್ರ ಬಣ್ಣ ಬಳಿದಿರಲಿಲ್ಲ. ಚಂದ್ರಮೋಹನ ಕನ್ನಡಕ ಹಾಕಿಕೊಂಡು ಫಲಕದ ಹಿಂದಿ ಬರಹವನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಗಿರಿಜಮ್ಮ ಪಕ್ಕದಲ್ಲೇ ನಿಂತಿದ್ದರು. ಓದಿ ಮುಗಿಸಿದವರು ಶ್ರೀವತ್ಸನ ಕಡೆ ತಿರುಗಿದರು.

"ಒಂದು ಸಲ ಬಡಿದ ಹಾಗೆ ಬರೆದಿದ್ದೀರಿ. ಮೂರು ಸಲ ಬಡಿದೆ. ಎರಡನೆಯದಕ್ಕೂ ಅವಳು ಬಿಟ್ಟಿರಲಿಲ್ಲ. ಅದನ್ನೂ ಹಾಕಿ."

ಗಿರಿಜಮ್ಮ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಕುಳಿತರು. ಶ್ರೀವತ್ಸ ಜೇಬು ತಡಕಿ ಪೆನ್ನು ಹುಡುಕತೊಡಗಿದ.